ಅಜ್ಜನ ಪೆಟ್ಟು

ಡಾಲ್ಫಿನ್ ಸದಾ ನಗುತ್ತಿರುತ್ತದೆ ಎಂದು ಹೇಳುವವರನ್ನು ಹಿಡಿದು ತಂದು ಒಂದು ವಾರ ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಅದರ ದವಡೆ ಇರುವುದೇ ಹಾಗೆ. ಸತ್ತ ಮೇಲೂ ನಗುತ್ತಲೇ ಇರುತ್ತದೆ. ನೀರಿನೊಳಗೆ ಅದು ಆಡುವ ಮಾತನ್ನು ದಿನವಿಡೀ ಕೇಳುವುದು ನನ್ನ ಉದ್ಯೋಗ. ಹೆಚ್ಚಿನದೆಲ್ಲ ಬೈಗುಳ, ಜಗಳ, ತಾಯಿ ಮರಿಯನ್ನು ಕರೆಯುವುದು, ಮೀನು ಯಾರಿಗೆ ಸಿಕ್ಕಿತೆಂಬ ತಕರಾರು. ನಮ್ಮ ಮೀನು ಮಾರ್ಕೆಟ್ಟಿನ ಬೆಳಗಿಗೂ ಅದಕ್ಕೂ ಅಂಥ ವ್ಯತ್ಯಾಸವೇನಿಲ್ಲ.

ನನ್ನ ಹೆಸರು ವಿನಯಾ. ಅದೊಂದು ಗುಣ ಬಿಟ್ಟು ಬೇರೆಲ್ಲ ನಿನ್ನಲ್ಲಿದೆ ಎಂದು ಅತ್ತಿಗೆ ಹರ್ಷಿಣಿ ಹೇಳುತ್ತಾಳೆ. ಗಂಗೊಳ್ಳಿಯಿಂದ ಉತ್ತರಕ್ಕೆ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳು ನೆಲವೇ ನಮ್ಮ ಹಳೆಬೆಂಗ್ರೆ. ಊರಿಡೀ ಮೊಗವೀರರು. ನೆಲದ ತುದಿಯಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ, ಸರಕಾರದ ಆಲಿಕೆ ಕೇಂದ್ರವಿದೆ. ಮೀನುಗಾರರ ಮನೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಧ್ವನಿವಿಜ್ಞಾನ ಓದಿ, ಕಡೆಗೆ ಮೀನುಗಾರರ ಮೇಲೇ ಕಣ್ಣಿಡುವ ಕೆಲಸಕ್ಕೆ ಸೇರಿದವಳು ನಾನು. ಊರಿನವರು ಬೆನ್ನ ಹಿಂದೆ ಏನನ್ನುತ್ತಾರೆಂದು ನನಗೆ ಗೊತ್ತು. ಕೆಲವರು ಮುಖದೆದುರೇ ಅನ್ನುತ್ತಾರೆ.

ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ಪ್ರತಿ ಡಾಲ್ಫಿನ್ನಿಗೂ ತನ್ನದೇ ಒಂದು ಸಿಳ್ಳೆ ಇದೆ, ಅದೇ ಅದರ ಹೆಸರು. ಮರಿಯಾಗಿದ್ದಾಗ ಕಟ್ಟಿಕೊಂಡ ಸಿಳ್ಳೆಯನ್ನು ಅದು ಸಾಯುವವರೆಗೂ ಇಟ್ಟುಕೊಳ್ಳುತ್ತದೆ. ಬೇರೆಯವು ಅದನ್ನು ಕರೆಯಬೇಕಾದರೆ ಅದೇ ಸಿಳ್ಳೆ ಹಾಕುತ್ತವೆ. ಇಷ್ಟು ನಮ್ಮ ಅಜ್ಜಂದಿರ ಕಾಲದ ವಿಜ್ಞಾನಿಗಳಿಗೂ ತಿಳಿದಿತ್ತು. ಆಮೇಲೆ ತಿಳಿದದ್ದು ಏನೆಂದರೆ, ಅವು ದೋಣಿಗಳಿಗೂ ಹೆಸರಿಟ್ಟಿವೆ. ಒಂದೊಂದು ದೋಣಿಯ ಇಂಜಿನ್ನಿನ ಸದ್ದನ್ನು ಮೊಟಕು ಮಾಡಿ ಸಿಳ್ಳೆಯಲ್ಲಿ ಅಣಕಿಸುತ್ತವೆ. ಕಡಲತಳದಲ್ಲಿ ನೆಟ್ಟಿರುವ ಕೇಳುಗಂಬಗಳು ಈ ಸದ್ದನ್ನೆಲ್ಲ ಹಿಡಿದು ನಮ್ಮ ಕೋಣೆಯ ಅನುವಾದಕ ಯಂತ್ರಕ್ಕೆ ಕಳಿಸುತ್ತವೆ. ಅದರಲ್ಲಿ ಒಂದು ಕೂಗು ಬೇರೆ ತರಹದ್ದು: ಎತ್ತರದಿಂದ ಇಳಿದು, ನಡುವೆ ಮುರಿದು, ಮತ್ತೆ ಇಳಿಯುವಂಥದು. ಮರಿ ಬಲೆಗೆ ಸಿಕ್ಕಿ ಸತ್ತಾಗ, ಹಡಗಿನ ಅಡಿಗೆ ಬಿದ್ದು ತುಂಡಾದಾಗ ಮಾತ್ರ ಅದು ಕೇಳಿಸುತ್ತದೆ. ಪರದೆಯ ಮೇಲೆ ಕೆಂಪಾಗಿ ಮೂಡುವುದರಿಂದ ನಾವು ಕೆಂಪು ಕೂಗು ಎನ್ನುತ್ತೇವೆ. ಕೆಂಪು ಕೂಗಿನ ಬೆನ್ನಿಗೇ ಒಂದು ದೋಣಿಯ ಹೆಸರು ಬಂದರೆ, ಆ ದೋಣಿ ಕೊಲ್ಲುತ್ತದೆ, ಹತ್ತಿರ ಹೋಗಬೇಡಿ ಎಂದು ಅವು ಒಂದಕ್ಕೊಂದು ಹೇಳುತ್ತಿವೆ ಎಂದು ಅರ್ಥ.

ದಿಲ್ಲಿಯವರಿಗೆ ಇಷ್ಟು ಸಾಕಾಯಿತು. ಜಲಜೀವಿ ಸಾಕ್ಷ್ಯ ಕಾಯ್ದೆ ತಂದರು. ಒಂದು ಹಿಂಡು ಒಟ್ಟಾಗಿ ಯಾವುದಾದರೂ ದೋಣಿಯ ಮೇಲೆ ಕೆಂಪು ಕೂಗು ಹಾಕಿದರೆ, ನಡುಕಡಲಿನಲ್ಲೇ ಆ ದೋಣಿಯ ಇಂಜಿನ್ ತನ್ನಿಂದ ತಾನೇ ಬಂದಾಗುತ್ತದೆ. ಆಮೇಲೆ ನ್ಯಾಯಮಂಡಳಿ. ಆಮೇಲೆ ದೋಣಿಯನ್ನು ದಂಡೆಗೆಳೆದು ಕ್ಯಾಮೆರಾಗಳ ಮುಂದೆ ಗರಗಸದಲ್ಲಿ ಕೊಯ್ಯುತ್ತಾರೆ, ನಡೆಸಿದವನು ಜೈಲಿಗೆ ಹೋಗುತ್ತಾನೆ. ಮನುಷ್ಯ ಸುಳ್ಳು ಹೇಳುತ್ತಾನೆ, ಡಾಲ್ಫಿನ್ ಹೇಳುವುದಿಲ್ಲ ಎಂದು ಕಾಯ್ದೆಯ ಪೀಠಿಕೆಯಲ್ಲೇ ಇದೆ. ಶಹರದವರು ಮನೆಯಲ್ಲಿ ಕೂತು, ಕೇಳುಗಂಬದ ನೇರಪ್ರಸಾರ ಹಾಕಿಕೊಂಡು ಮಕ್ಕಳನ್ನು ಮಲಗಿಸುತ್ತಿದ್ದ ಕಾಲವದು.

ಈ ಪ್ರೀತಿಯ ವಯಸ್ಸೆಷ್ಟು ಎಂದು ಯಾರೂ ಕೇಳುವುದಿಲ್ಲ. ಯುರೋಪು, ಅಮೆರಿಕಗಳ ಬೀದಿದೀಪ ತಲೆಮಾರುಗಟ್ಟಲೆ ಉರಿದದ್ದು ತಿಮಿಂಗಿಲದ ಎಣ್ಣೆಯಲ್ಲಿ. ಅದರ ಬಾಯೊಳಗಿನ ಪಟ್ಟಿಗಳು ಹೆಂಗಸರ ಸೊಂಟ ಬಿಗಿಯುವ ಉಡುಪಿಗೆ ಹೋದವು. ಸೀಮೆಎಣ್ಣೆ ಬಂದು ದೀಪಕ್ಕೆ ಬೇಡವಾದ ಮೇಲಾದರೂ ಬಿಟ್ಟರೇ ಎಂದರೆ, ಸಿಡಿಯುವ ಈಟಿ ಬಂತು, ಹಡಗಿನ ಮೇಲೇ ಕಾರ್ಖಾನೆ ಬಂತು. ದಕ್ಷಿಣ ಧ್ರುವದ ನೀಲಿ ತಿಮಿಂಗಿಲಗಳನ್ನು ಸಾಬೂನು ಮಾಡಿ, ಬ್ರೆಡ್ಡಿಗೆ ಸವರುವ ಜಿಡ್ಡು ಮಾಡಿ ಮುಗಿಸುತ್ತ ಬಂದರು. ಇನ್ನೇನು ಬೆರಳೆಣಿಕೆಯಷ್ಟು ಉಳಿದವು ಎಂಬಾಗ ಯಾರೋ ನೀರಿಗೆ ಮೈಕು ಇಳಿಸಿದರು, ಅವು ಹಾಡುವುದು ಕೇಳಿಸಿತು, ಎಲ್ಲರೂ ಅತ್ತರು. ಬೇಟೆ ನಿಂತದ್ದು ಒಳ್ಳೆಯದೇ, ನಾನೇನು ಬೇಡವೆನ್ನಲಿಲ್ಲ. ಆದರೆ ಕೊಂದವರ ಮೊಮ್ಮಕ್ಕಳು ಒಂದು ಸಲ ಅತ್ತು ಮಡಿಯಾಗಿ, ಬಲೆ ಬೀಸಿ ಗಂಜಿ ಉಣ್ಣುವವನ ಕಡೆ ಬೆರಳು ತೋರಿಸಿದಾಗ ನನಗೆ ಮೈಯೆಲ್ಲ ಉರಿಯುತ್ತದೆ.

ಉರಿ ನನ್ನ ಮನೆಯ ಬಾಗಿಲಿಗೇ ಬಂದದ್ದು ಆ ವರ್ಷದ ಮೀನುಗಾರಿಕೆ ಶುರುವಾದ ದಿನ.

ಫೈಬರ್ ದೋಣಿಗಳ ಪುಡಿ ನೀರಿಗೆ ಸೇರುತ್ತದೆಂದು ಸರಕಾರ ಹೊಸ ಫೈಬರ್ ದೋಣಿ ಕಟ್ಟುವುದನ್ನು ನಿಲ್ಲಿಸಿತ್ತು. ಹಾಗಾಗಿ ಅಣ್ಣ ಪ್ರತೀಶ ಮರದ ದೋಣಿ ಕಟ್ಟಿಸಿದ. ನಮ್ಮೂರಿನಲ್ಲಿ ಮರದ ದೋಣಿ ನೀರಿಗಿಳಿಯದೆ ಎರಡು ತಲೆಮಾರು ಕಳೆದಿತ್ತು. ಹೊನ್ನಾವರದ ಕಡೆಯಿಂದ ಆಚಾರಿಗಳನ್ನು ಹುಡುಕಿ ಕರೆತಂದು, ಅವರ ಜೊತೆ ತಾನೂ ಹಲಗೆ ಹೊತ್ತು, ಬಿಸಿಲಿನಲ್ಲಿ ಸುಟ್ಟುಕೊಂಡು ಕಟ್ಟಿದ. 'ಶ್ರೀ ಮಹಾಸತಿ' ಎಂದು ಹೆಸರಿಟ್ಟ. ಅತ್ತಿಗೆಗೆ ಆ ದೋಣಿಯ ಮೇಲೆ ಹೊಟ್ಟೆಕಿಚ್ಚೇ ಇತ್ತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮಳೆಗಾಲ ಮುಗಿದು, ಕಡಲಿಗೆ ಹಾಲು, ತೆಂಗಿನಕಾಯಿ ಕೊಟ್ಟು, ಮೊದಲ ಸಲ ಬಲೆ ಬಿಡುವ ಮುಂಚೆ ದೋಣಿಯ ಯಜಮಾನ ಮುಂತುದಿಯಲ್ಲಿ ಕೂತು ಹಲಗೆಗೆ ಕೊಡತಿಯಿಂದ ಬಡಿಯಬೇಕು. ಎರಡು ನಿಧಾನ, ಮೂರು ಬೇಗ. ಅದನ್ನು ಅಜ್ಜನ ಪೆಟ್ಟು ಎನ್ನುತ್ತಾರೆ. ನಾವು ಹೊರಟೆವು ಎಂದು ಸತ್ತ ಹಿರಿಯರಿಗೆ ತಿಳಿಸುವುದು ಎಂದೇ ನಮಗೆ ಹೇಳಿಕೊಟ್ಟದ್ದು. ಫೈಬರ್ ದೋಣಿಗಳಲ್ಲಿ ಅದು ಅಂಗೈಯಿಂದ ನಾಲ್ಕು ಸಲ ತಟ್ಟಿ ಕೈಮುಗಿಯುವ ಶಾಸ್ತ್ರವಾಗಿ ಉಳಿದಿತ್ತು. ಅಣ್ಣ ಮಾತ್ರ ಹೊಸ ಹಲಗೆ ಸಿಕ್ಕಿದ ಖುಷಿಯಲ್ಲಿ ಕೊಡತಿ ಎತ್ತಿ ಸರಿಯಾಗಿ ಬಡಿದ.

ನಾನು ಕೋಣೆಯಲ್ಲಿದ್ದೆ. ಪೆಟ್ಟುಗಳು ಕೇಳುಗಂಬದಲ್ಲಿ ಬಂದವು, ನಾನು ಮನಸ್ಸಿನಲ್ಲೇ ಕೈಮುಗಿದೆ. ಮರುಕ್ಷಣಕ್ಕೆ ಪರದೆಯ ಒಂದು ಮೂಲೆ ಕೆಂಪಾಯಿತು, ಆಮೇಲೆ ಪೂರ್ತಿ ಪರದೆ. ಹಿಂಡಿಗೆ ಹಿಂಡೇ ಕೆಂಪು ಕೂಗು ಹಾಕುತ್ತಿತ್ತು, ಪ್ರತಿ ಕೂಗಿನ ಬೆನ್ನಿಗೂ, ಆಗಷ್ಟೇ ಕೇಳಿದ ಇಂಜಿನ್ನನ್ನು ಅಣಕಿಸಿ ಇಟ್ಟ, ಅಣ್ಣನ ದೋಣಿಯ ಹೆಸರಿತ್ತು. ನಾನು ಕುರ್ಚಿಯಿಂದ ಏಳುವ ಮೊದಲೇ ಯಂತ್ರ ಇಂಜಿನ್ನಿಗೆ ಬೀಗ ಹಾಕಿತ್ತು.

ವೈರ್‌ಲೆಸ್ಸಿನಲ್ಲಿ ಅಣ್ಣನ ದನಿ ಬಂತು. "ಹೆಣೆ ವಿನಯಾ, ಇಂಜಿನ್ ಬಂದ್ ಆಯ್ತ್. ಎಂತ ಆದ್ದ್ ಕಾಣ್."

"ಅಣ್ಣ, ನೀ ಎಂತ ಮಾಡ್ದೆ?"

"ನಾ ಎಂತ ಮಾಡುದ್? ಇನ್ನೂ ಬಲೆ ನೀರಿಗೇ ಬಿಡ್ಲಿಲ್ಲೆ!"

ಸಂಜೆಯೊಳಗೆ ಅವನ ಮುಖ ದೇಶಕ್ಕೆಲ್ಲ ಗೊತ್ತಾಯಿತು. ಮರುದಿನ 'ಕಡಲಬಂಧು' ಸಂಘಟನೆಯವರು ಬಸ್ಸು ತುಂಬಿಕೊಂಡು ಬಂದರು. ನಮ್ಮ ಮನೆಯ ಗೋಡೆಗೆ ಕೆಂಪು ಬಣ್ಣ ಎರಚಿದರು. ಅತ್ತಿಗೆ ಮೀನು ತೊಳೆದ ನೀರು ತಂದು ಅವರ ಮೇಲೆ ಎರಚಿದಳು, ಅದೂ ದೇಶಕ್ಕೆಲ್ಲ ಕಂಡಿತು. ಆಮೇಲೆ ಮಾರ್ಕೆಟ್ಟಿನಲ್ಲಿ ಅವಳ ಬುಟ್ಟಿಯ ಹತ್ತಿರ ಯಾರೂ ಸುಳಿಯಲಿಲ್ಲ. ನಮ್ಮ ಜಾತಿಯವರೇ ಮುಖ ತಿರುಗಿಸಿ ಪಕ್ಕದವಳ ಹತ್ತಿರ ಬಂಗುಡೆ ಕೊಂಡರು.

ಕಡಲಬಂಧುವಿನ ಮುಖಂಡನ ಹೆಸರು ಋತ್ವಿಕ್. ಬಿಳಿ ಖಾದಿ, ಮೆತ್ತಗಿನ ಮಾತು. ನನ್ನನ್ನು ಕೇಂದ್ರದ ಗೇಟಿನಲ್ಲಿ ನಿಲ್ಲಿಸಿ, "ನಿಮ್ಮ ಅಣ್ಣನ ಮೇಲೆ ನನಗೆ ದ್ವೇಷವಿಲ್ಲ ಮೇಡಂ. ಆ ಜೀವಗಳು ಸುಳ್ಳು ಹೇಳುವುದಿಲ್ಲ, ಅಷ್ಟೇ. ನಿಮ್ಮ ಜನ ಒಂದು ದಿನ ಬದಲಾಗುತ್ತಾರೆ ಎಂಬ ನಂಬಿಕೆ ನನಗಿದೆ," ಎಂದ. ದ್ವೇಷಿಸುವವನನ್ನಾದರೂ ಸಹಿಸಬಹುದು, ಹೀಗೆ ಕ್ಷಮಿಸುವವನನ್ನು ಕಂಡರೆ ನನಗಾಗುವುದಿಲ್ಲ. ನಿಮ್ಮ ನಂಬಿಕೆ ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಒಳಗೆ ಹೋದೆ.

ಒಳಗೆ ಕೂತು ಆ ಬೆಳಗಿನ ಸದ್ದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಅಣ್ಣ ಕೊಂದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆ ದೋಣಿ ಕೊಲ್ಲುವಷ್ಟು ದೂರ ಹೋಗಿರಲೇ ಇಲ್ಲ. ಹಿಂಡು ಬೆದರಿದ್ದು ಇಂಜಿನ್ನಿಗಲ್ಲ, ಬಲೆಗಲ್ಲ. ಐದನೆಯ ಪೆಟ್ಟು ಮುಗಿದ ಕೂಡಲೇ ಬೆದರಿತ್ತು. ಮೊದಲ ಕೂಗು ಹಾಕಿದ್ದು ಹಿಂಡಿನ ಮುದಿ ಹೆಣ್ಣು. ಮರಿಗಳು ಅದನ್ನು ಹಿಂಬಾಲಿಸಿ ಕಲಿಯುವವರ ಹಾಗೆ ತಪ್ಪು ತಪ್ಪಾಗಿ ಕೂಗಿದ್ದವು. ಈ ಹೆಣ್ಣು ತನ್ನ ಜನ್ಮದಲ್ಲಿ ದೋಣಿಯ ಹಲಗೆಗೆ ಹೀಗೆ ಬಡಿದದ್ದನ್ನು ಕೇಳಿರಲು ಸಾಧ್ಯವಿಲ್ಲ. ಯಾರು ಕಲಿಸಿದರು ಅದಕ್ಕೆ?

ಮಧ್ಯಾಹ್ನ ಮನೆಗೆ ಬಂದಾಗ ಅಮ್ಮಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಅವಳು ನನ್ನ ಅಪ್ಪನ ತಾಯಿ. ಊರಿನಲ್ಲಿ ಅವಳಿಗಿಂತ ಹಿರಿಯರು ಯಾರೂ ಉಳಿದಿಲ್ಲ. ಗೋಡೆಯ ಕೆಂಪು ಬಣ್ಣ ಅವಳ ಸೀರೆಗೂ ಹತ್ತಿತ್ತು. ಅಜ್ಜನ ಪೆಟ್ಟು ಎಲ್ಲಿಂದ ಬಂತು ಎಂದು ನೇರವಾಗಿ ಕೇಳಿದೆ.

ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಹಂದಿ ಓಡ್ಸು ಪೆಟ್ಟ್ ಅದ್."

"ಯಾವ ಹಂದಿ?"

"ಕಡಲಹಂದಿ. ನೀ ಈಗ ಡಾಲ್ಫಿನ್ ಅಂಬ್ದ್. ನನ್ನಪ್ಪಯ್ಯ ಸಣ್ಣ್ ಇಪ್ಪಾಗ ದೋಣ್ಯಗೆ ಕೂತ್ಕಂಡ್ ಕಂಡಿದ್ರಂಬ್ರ್. ದೋಣಿಯೆಲ್ಲ ಸಾಲಾಗ್ ನಿಂತ್ಕಂಡ್ ಹಲ್ಗಿ ಬಡುದ್. ಆ ಸದ್ದಿಗೆ ಅದ್ಕ್ ದಿಕ್ಕ್ ತಪ್ಪತ್ತ್, ಅಳಿವೆ ಒಳಗೆ ಬಂದ್ ಮರ್ಳಿಗೆ ಹತ್ತತ್ತ್. ಮತ್ತೆ ಎಂತ, ಕತ್ತಿ."

"ತಿಂಬುಕಾ?"

"ತಿಂಬುಕಲ್ಲ, ಎಣ್ಣಿಗೆ. ಹಲ್ಗಿಗೆ ಎಣ್ಣಿ ಹಚ್ದಿದ್ರೆ ಮಳ್ಗಾಲ್ದಗೆ ದೋಣಿ ಹಾಳಾತ್ತಲೆ. ಮತ್ತೆ ಡಾಂಬರ್ ಬಂತ್, ಬ್ಯಾಡ ಆಯ್ತ್. ಪೆಟ್ಟ್ ಒಂದ್ ಉಳ್ಕಂತ್, ಅದ್ಕೆ ಕೈಮುಗುಕೆ ಕಲ್ಸಿದ್ರ್."

ಅಂದರೆ ನಮ್ಮವರೂ ಪಶ್ಚಾತ್ತಾಪಪಟ್ಟು ನಿಲ್ಲಿಸಿದ್ದಲ್ಲ. ಅಲ್ಲಿ ದೀಪಕ್ಕೆ ಸೀಮೆಎಣ್ಣೆ ಬಂದ ಹಾಗೆ ಇಲ್ಲಿ ಹಲಗೆಗೆ ಡಾಂಬರು ಬಂತು, ಅಷ್ಟೇ. ಬೇಟೆಯ ಸದ್ದನ್ನು ಪೂಜೆಯೆಂದು ಮೊಮ್ಮಕ್ಕಳಿಗೆ ಹೇಳಿಕೊಟ್ಟು ನಾವು ಮರೆತೆವು. ನೀರಿನೊಳಗೆ ಇನ್ನೊಂದು ಕುಲ ಅದೇ ಸದ್ದನ್ನು ಸಾವೆಂದು ತನ್ನ ಮಕ್ಕಳಿಗೆ ಹೇಳಿಕೊಡುತ್ತ ಬಂತು. ಅಷ್ಟು ತಿಳಿದೂ, ಅಣ್ಣ ಉಳಿದ ಎಂದು ನನಗೆ ಸಂತೋಷವೇ ಆಯಿತು.

"ಇದನ್ನ ನ್ಯಾಯಮಂಡಳಿ ಎದ್ರಿಗೆ ಹೇಳ್ತೆ," ಎಂದೆ.

ಅಮ್ಮಮ್ಮನ ಕೈ ಆಗ ನಿಂತಿತು. "ಬ್ಯಾಡ ಮಗಾ. ಮರ್ತದ್ದ್ ಮರ್ತೇ ಇರ್ಲಿ."

"ದೋಣಿ ಕೊಯ್ತ್ರ್ ಅಮ್ಮಮ್ಮ. ಅಣ್ಣ ಜೈಲಿಗ್ ಹೋತ."

"ದೋಣಿ ಹೋದ್ರೆ ಹೋಯ್ಲಿ. ಊರೆದ್ರಿಗೆ ಹೇಳ್ಬ್ಯಾಡ." ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಊರಿನ ಮಾನ ಹೋಗುತ್ತದೆಂದು ಹೆದರಿದ್ದಾಳೆ ಎಂದುಕೊಂಡೆ. ಮುದುಕಿಯ ಮಾತು ಯಾರಿಗೆ ಬೇಕಿತ್ತು. ನನ್ನ ತಲೆಯಲ್ಲಿ ಗರಗಸದ ಸದ್ದು ಆಗಲೇ ಓಡುತ್ತಿತ್ತು.

ವಿಚಾರಣೆ ನಮ್ಮೂರ ಶಾಲೆಯ ಹಾಲಿನಲ್ಲಿ ನಡೆಯಿತು. ಒಂದು ಬದಿಗೆ ಊರಿನವರು, ಒಂದು ಬದಿಗೆ ಕಡಲಬಂಧುವಿನವರು, ನಡುವೆ ಪೊಲೀಸರು. ಮಂಡಳಿಯ ಅಧ್ಯಕ್ಷೆ ಇಂದುಮತಿ ಪಾಟೀಲ, ಧಾರವಾಡದ ಕಡೆಯವರು, ಯಾರ ಮಾತಿಗೂ ಅರಳದ ಮುಖ. ನಾನು ಎದ್ದು ನಿಂತು ಆ ಬೆಳಗಿನ ಸದ್ದು ಕೇಳಿಸಿದೆ. ಅಜ್ಜನ ಪೆಟ್ಟು ಏನಾಗಿತ್ತೆಂದು ಎಲ್ಲರ ಮುಂದೆ ಹೇಳಿದೆ: ಹಲಗೆ ಬಡಿಯುವುದು, ದಿಕ್ಕು ತಪ್ಪಿಸುವುದು, ಅಳಿವೆಗೆ ತರುವುದು, ಕತ್ತಿ. ಹಿಂಡು ಅಣ್ಣನ ದೋಣಿಯನ್ನು ಗುರುತಿಸಿ ಕೂಗಲಿಲ್ಲ, ಆ ಪೆಟ್ಟನ್ನು ಗುರುತಿಸಿ ಕೂಗಿತು ಎಂದೆ. ಕಡಲಬಂಧುವಿನವರ ಕಡೆಯಿಂದ ಛೀ ಥೂ ಎಂದು ಸದ್ದಾಯಿತು. ನಮ್ಮ ಊರಿನವರು ಮಾತ್ರ ಗಲಾಟೆ ಮಾಡಲಿಲ್ಲ. ಎಲ್ಲರೂ ಕಿವಿಗೊಟ್ಟು ಕೂತಿದ್ದರು. ನಾಚಿಕೆಯಿಂದ ಸುಮ್ಮನಾಗಿದ್ದಾರೆ ಎಂದೇ ನಾನು ತಿಳಿದೆ.

"ಇದು ಕಥಿ ಆತು. ಪುರಾವೆ ಎಲ್ಲೈತ್ರಿ?" ಎಂದರು ಅಧ್ಯಕ್ಷೆ.

"ಯಾವತ್ತೂ ಕೊಲ್ಲದ ಮರದ ದೋಣಿ ಒಂದನ್ನು ಕೊಡಿ ಮೇಡಂ. ಅದರ ಹಲಗೆಗೆ ಹೀಗೇ ಬಡಿದು ನೋಡೋಣ."

ಋತ್ವಿಕ್ ನಗುತ್ತ ಎದ್ದ. "ನಮ್ಮ 'ಮೈತ್ರಿ' ಇದೆಯಲ್ಲ. ಮರದ್ದೇ. ಡಾಲ್ಫಿನ್‌ಗಳು ತಾವಾಗಿಯೇ ಅದರ ಪಕ್ಕಕ್ಕೆ ಬಂದು ಆಡುತ್ತವೆ. ನಾನೇ ಬಡಿಯುತ್ತೇನೆ. ಪ್ರೀತಿಯ ಕೈಗೂ ಕೊಲ್ಲುವ ಕೈಗೂ ವ್ಯತ್ಯಾಸ ಅವಕ್ಕೆ ಗೊತ್ತಾಗುತ್ತದೆ."

ಮೈತ್ರಿಯಲ್ಲಿ ಅವನ ಜೊತೆ ಅಧ್ಯಕ್ಷೆಯೂ ಹೋದರು. ನಾನು ಕೋಣೆಯಲ್ಲಿ ಕೂತೆ. ಹಿಂಡು ನಿಜವಾಗಿಯೂ ಮೈತ್ರಿಯ ಹತ್ತಿರ ಬಂತು, ಅದರ ಹೆಸರನ್ನು ಕುಣಿಯುವ ಹಾಗೆ ಕೂಗಿತು. ಋತ್ವಿಕ್ ಕೊಡತಿ ಎತ್ತಿದ. ಎರಡು ನಿಧಾನ, ಮೂರು ಬೇಗ. ಪರದೆ ರಕ್ತ ಚೆಲ್ಲಿದ ಹಾಗೆ ಕೆಂಪಾಯಿತು, ಒಂದೊಂದು ಕೂಗಿನ ಬೆನ್ನಿಗೂ ಮೈತ್ರಿಯ ಹೆಸರು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಇಂಜಿನ್ನಿಗೆ ಬೀಗ ಹಾಕಿ, ಮೈತ್ರಿಯನ್ನು ಕೊಲೆಗಾರ ದೋಣಿಯೆಂದು ದಿಲ್ಲಿಗೆ ವರದಿ ಕಳಿಸಿತು. ನಡುಕಡಲಿನಲ್ಲಿ ಬಿಸಿಲಿಗೆ ಬಾಡುತ್ತ ನಿಂತ ಮುಖಂಡನನ್ನೂ ಅಧ್ಯಕ್ಷೆಯನ್ನೂ ನಮ್ಮ ಹುಡುಗರು ಫೈಬರ್ ದೋಣಿಗೆ ಹಗ್ಗ ಕಟ್ಟಿ ಎಳೆದು ತಂದರು. ನಾನು ಅಷ್ಟು ನಕ್ಕದ್ದು ಜೀವನದಲ್ಲಿ ಅದೊಂದೇ ಸಲ.

ಅಣ್ಣ ಆರೋಪದಿಂದ ಬಿಡುಗಡೆಯಾದ. ಶ್ರೀ ಮಹಾಸತಿಯ ಬೀಗ ಬಿಚ್ಚಿದರು. ಅತ್ತಿಗೆ ನನಗೆ ಸೀಗಡಿ ಹುರಿದು ಬಡಿಸಿದಳು. ಊರಿನವರು ಮೊದಲ ಸಲ ನನ್ನನ್ನು ಹೆಸರು ಹಿಡಿದು ಮಾತಾಡಿಸಿದರು. ಅಮ್ಮಮ್ಮ ಮಾತ್ರ ನನ್ನ ಹತ್ತಿರ ಮಾತು ಬಿಟ್ಟಳು.

ಜನರ ಪ್ರೀತಿ ಎಷ್ಟು ಬೇಗ ಹಳಸುತ್ತದೆ ಎಂದು ಆ ತಿಂಗಳು ಕಂಡೆ. ಋತ್ವಿಕ್ ಟೀವಿಯಲ್ಲಿ ಕೂತು, ತನ್ನಂಥವನ ಮೇಲೇ ಸುಳ್ಳು ಸಾಕ್ಷಿ ಹೇಳಿದ ಜೀವಿಗಳನ್ನು ನಂಬಿ ಎಷ್ಟು ಬಡವರು ಜೈಲಿಗೆ ಹೋದರೋ ಎಂದು ಕಣ್ಣೀರು ಹಾಕಿದ. ಮೊದಲು ಡಾಲ್ಫಿನ್ನಿಗಾಗಿ, ಈಗ ಬಡವರಿಗಾಗಿ, ಅವನು ಎರಡೂ ಸಲ ಅತ್ತದ್ದು ಒಂದೇ ಥರ. ಡಾಲ್ಫಿನ್ ಸುಳ್ಳುಗಾರ, ಡಾಲ್ಫಿನ್ ಮೀನುಗಳ್ಳ, ಡಾಲ್ಫಿನ್ನಿಂದಲೇ ಬೂತಾಯಿ ಮೀನಿಗೆ ಬರಗಾಲ ಎಂದು ಶುರುವಾಯಿತು. ಮಕ್ಕಳನ್ನು ಮಲಗಿಸುವ ನೇರಪ್ರಸಾರ ನಿಂತಿತು. ಅವು ಸುಳ್ಳು ಹೇಳಲಿಲ್ಲ, ನಮಗಿಂತ ಹಳೆಯ ನಿಜ ಹೇಳಿದವು ಎಂದು ನಾನು ಕರೆದವರ ಮುಂದೆಲ್ಲ ಹೇಳಿದೆ. ಯಾರಿಗೂ ಅದು ಬೇಕಿರಲಿಲ್ಲ. ಸರಕಾರ ಕಾಯ್ದೆಯನ್ನು ಅಮಾನತಿನಲ್ಲಿಟ್ಟಿತು. ಯಂತ್ರದ ಮಾತು ಇನ್ನು ಸಾಕ್ಷಿಯಲ್ಲ ಎಂದಿತು. ಕೇಂದ್ರದಲ್ಲಿ ನಾನೊಬ್ಬಳೇ ಉಳಿದೆ, ಇಂಜಿನ್ನಿಗೆ ಬೀಗ ಹಾಕುವ ತಂತಿ ಕಿತ್ತ ಯಂತ್ರದ ಜೊತೆ.

ಒಂದು ದಿನ ಊಟದ ಹೊತ್ತಿಗೆ ಕೇಳುಗಂಬದಲ್ಲಿ ಅಜ್ಜನ ಪೆಟ್ಟು ಬಂತು. ಎರಡು ನಿಧಾನ, ಮೂರು ಬೇಗ. ಮೊದಲ ಬಲೆಯ ದಿನವಲ್ಲ ಅದು. ಬುತ್ತಿ ಮುಚ್ಚಿಟ್ಟು ಕಿವಿಗೊಟ್ಟೆ. ಇನ್ನೊಂದು ದಿಕ್ಕಿನಿಂದ ಅದೇ ಪೆಟ್ಟು ಬಂತು, ಇನ್ನೊಂದರಿಂದ ಮತ್ತೆ. ಕಿಟಕಿಗೆ ಓಡಿದೆ. ಊರಿನ ದೋಣಿಗಳೆಲ್ಲ ಅರ್ಧಚಂದ್ರದ ಹಾಗೆ ನಿಂತು ಅಳಿವೆಯ ಕಡೆಗೆ ಬರುತ್ತಿದ್ದವು. ಫೈಬರ್ ದೋಣಿಗಳ ಬದಿಗೆ ಹಲಸಿನ ಹಲಗೆ ಕಟ್ಟಿಕೊಂಡಿದ್ದರು. ನಡುವೆ, ಎಲ್ಲಕ್ಕಿಂತ ಮುಂದೆ, ಶ್ರೀ ಮಹಾಸತಿ. ಅವುಗಳ ಮುಂದೆ ನೀರು ಕುದಿಯುತ್ತಿತ್ತು.

ಶಾಲೆಯ ಹಾಲಿನಲ್ಲಿ ಊರಿನವರು ಕಿವಿಗೊಟ್ಟು ಕೂತದ್ದು ಯಾಕೆಂದು ಆಗ ಗೊತ್ತಾಯಿತು. ಅಮ್ಮಮ್ಮ ಹೆದರಿದ್ದು ಹೊರಗಿನವರಿಗಲ್ಲ. ಅವಳು ಹೆದರಿದ್ದು ನಮಗೆ.

ವೈರ್‌ಲೆಸ್ ಹಿಡಿದೆ. "ಅಣ್ಣ, ನಿಲ್ಸ್! ಎಲ್ಲರಿಗೂ ನಿಲ್ಸುಕೆ ಹೇಳ್. ಹಿಂಡಗೆ ಮರಿ ಇತ್ತ್!"

"ನಮ್ಗ್ ಮಕ್ಳಿಲ್ಯಾ?" ಅವನ ದನಿಯ ಹಿಂದೆ ಕೊಡತಿಯ ಸದ್ದು ಬೀಳುತ್ತಲೇ ಇತ್ತು. "ಎಷ್ಟ್ ವರ್ಷ ನಮ್ ಮೇಲೆ ಚಾಡಿ ಹೇಳ್ತ್ ಇದ್? ಗೋಡಿ ಮೇಲೆ ಕೆಂಪ್ ಬಣ್ಣ ಹಾಕ್ಸ್ತ್. ನಿನ್ ಅತ್ಗಿ ಮಾರ್ಕೆಟ್ಟಗೆ ಕೂತ್ಕಂಡ್ ಮರ್ಕಿ ಕಣ್ಣೀರ್ ಹಾಕಿದ್ದ್ ನೀ ಕಂಡಿದ್ಯಾ?"

"ಅದ್ ನಿನ್ ಮೇಲೆ ಅಲ್ಲ ಅಣ್ಣ, ಆ ಪೆಟ್ಟಿನ್ ಮೇಲೆ. ನಿಂಗೊತ್ತಿತ್ತಲೆ!"

"ಗೊತ್ತಿತ್ತ್. ಪೆಟ್ಟ್ ಎಂತಕೆ ಅಂದ್ ನೀನೇ ಹೇಳ್ಕೊಟ್ಟದ್ದ್ ಅಲ್ದಾ? ನಮ್ದೇ ವಿದ್ಯೆ, ನಾವೇ ಮರ್ತಿದ್ದ್. ಇನ್ ಸುಮ್ನಿರ್." ಅವನು ವೈರ್‌ಲೆಸ್ ಬಂದ್ ಮಾಡಿದ.

ನಾನು ಕಿಟಕಿ ಬಿಟ್ಟು ಹೋಗಲಿಲ್ಲ, ಕಿವಿಗೆ ಹಾಕಿದ್ದ ಹೆಡ್‌ಫೋನನ್ನೂ ತೆಗೆಯಲಿಲ್ಲ. ಮೊದಲು ಎಲ್ಲ ಹೆಸರುಗಳೂ ಒಟ್ಟಿಗೆ ಕೇಳುತ್ತಿದ್ದವು. ಒಂದು ಇನ್ನೊಂದನ್ನು ಕರೆಯುತ್ತ, ಕರೆದದ್ದಕ್ಕೆ ಓಗೊಡುತ್ತ. ಅಳಿವೆಯ ಒಳಗೆ ಬಂದ ಮೇಲೆ ಮರಳು ತಗುಲಿತು. ಮೊಣಕಾಲು ನೀರಿನಲ್ಲಿ ಇಳಿದು ನಿಂತಿದ್ದವರಲ್ಲಿ ನನ್ನ ಜೊತೆ ಶಾಲೆಗೆ ಬಂದವರಿದ್ದರು. ಮುದಿ ಹೆಣ್ಣು ಕೆಂಪು ಕೂಗಿನ ಬೆನ್ನಿಗೆ ದೋಣಿಗಳ ಹೆಸರನ್ನು ಒಂದೊಂದಾಗಿ ಹೇಳುತ್ತ ಹೋಯಿತು, ಒಂದನ್ನೂ ಬಿಡಲಿಲ್ಲ. ಆಮೇಲೆ ಕರೆಯುವವರಿದ್ದರು, ಓಗೊಡುವವರಿರಲಿಲ್ಲ. ಕಡೆಗೆ ಒಂದು ಮರಿ ಉಳಿದು ತನ್ನ ಹೆಸರನ್ನೇ ತಾನು ಕರೆದುಕೊಳ್ಳುತ್ತಿತ್ತು. ಅದೂ ನಿಂತಿತು. ನಾನು ಮೇಜಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತೆ. ಅವರಿಗೆ ದಾರಿ ತೋರಿಸಿದವಳು ನಾನೇ, ಇದನ್ನು ಇನ್ಯಾರ ಮೇಲೂ ಹಾಕಲು ಬರುವುದಿಲ್ಲ.

ಎಣ್ಣೆಯೂ ಯಾರಿಗೂ ಬೇಕಿರಲಿಲ್ಲ. ಎಲ್ಲವನ್ನೂ ಮರಳಿನ ಮೇಲೆ ಬಿಟ್ಟು ಮನೆಗೆ ಹೋದರು.

ಹಳೆಯ ವನ್ಯಜೀವಿ ಕಾನೂನು ಇನ್ನೂ ಇತ್ತು, ಹಾಗಾಗಿ ವಿಚಾರಣೆಗೆ ಅದೇ ಇಂದುಮತಿ ಪಾಟೀಲ ಬಂದರು, ಅದೇ ಹಾಲಿಗೆ. ಈ ಸಲ ಕಡಲಬಂಧುವಿನವರು ಒಬ್ಬರೂ ಇರಲಿಲ್ಲ. ದಾರಿ ತಪ್ಪಿ ಅಳಿವೆಗೆ ಬಂದು ತಾವಾಗಿಯೇ ಸತ್ತವು, ಗಾಯ ಬಂಡೆಗೆ ತಗುಲಿ ಆದದ್ದು ಎಂದು ಊರಿನ ಹಿರಿಯರು ಒಬ್ಬರಾದ ಮೇಲೊಬ್ಬರು ಹೇಳಿದರು. ನಮ್ಮ ಅಳಿವೆಯಲ್ಲಿ ಒಂದು ಬಂಡೆಯೂ ಇಲ್ಲ.

"ಯಂತ್ರದಾಗ ಏನೈತೋ ಅದನ್ನ ನಾ ತಗೊಳ್ಳೂ ಹಂಗಿಲ್ಲ," ಎಂದರು ಅಧ್ಯಕ್ಷೆ, ದಣಿದ ದನಿಯಲ್ಲಿ. "ಕಣ್ಣಾರೆ ಕಂಡ ಮನುಷ್ಯಾರು ಬೇಕು. ಯಾರರ ಅದೀರೇನು?"

ಅಣ್ಣ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ, ನನ್ನ ಕಡೆ ನೋಡುವ ಧೈರ್ಯ ಅವನಿಗೆ ಇರಲಿಲ್ಲ. ಪಕ್ಕದಲ್ಲಿದ್ದ ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡು, "ಬ್ಯಾಡ ವಿನಯಾ, ನಿನ್ ಕಾಲಿಗ್ ಬೀಳ್ತೆ, ಕೂಕೊ," ಎಂದಳು. ಅವಳ ಕೈಯನ್ನು ಬಿಡಿಸಿಕೊಂಡೆ. ಆ ಕೈ ಬಿಡಿಸಿಕೊಳ್ಳುವುದಕ್ಕೆ ಎಷ್ಟು ಕಷ್ಟವಾಯಿತೆಂದು ಅವಳಿಗೆ ಗೊತ್ತಾಗಿದ್ದರೆ ನನ್ನನ್ನು ಇಂದಿಗೂ ಶಪಿಸುತ್ತಿರಲಿಲ್ಲ.

ಎದ್ದು ನಿಂತು, ನಾನು ಕಂಡಿದ್ದೇನೆ ಎಂದೆ. ದೋಣಿಗಳ ಹೆಸರು ಹೇಳಿ ಎಂದರು. ಮೊದಲನೆಯದು ಶ್ರೀ ಮಹಾಸತಿ ಎಂದೆ. ನಡೆಸುತ್ತಿದ್ದವರು ಯಾರು ಎಂದು ಕೇಳಿದರು. ಪ್ರತೀಶ ಮರಕಾಲ ಎಂದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತದೆ, ತಂದೆಯ ಹೆಸರು ಎಂದ. ನನ್ನ ತಂದೆಯ ಹೆಸರು ಹೇಳಿದೆ.